ಬಾರ್ ಕೊಳ್ಳುವ ಮೊದಲು ಬಾಗಿಲು ಅಳೆಯಿರಿ: ಕೊಡಗಿನ ಮನೆಗಳಿಗೆ ಯಾವ ಪುಲ್-ಅಪ್ ಬಾರ್ ಹೊಂದುತ್ತದೆ?

ಕೊಡವ ಕುಟುಂಬಗಳ ಹಾಕಿ ಹಬ್ಬ ಮುಗಿದು ಜೂನ್ ಬಂತೆಂದರೆ ಕೊಡಗಿನ ಮೈದಾನಗಳಲ್ಲಿ ನಾಲ್ಕು ತಿಂಗಳು ಕೆಸರು. ಶಾಲೆ ಮೈದಾನದ ಕಬ್ಬಿಣದ ಬಾರ್ ತೊಯ್ದು ಕೈ ಜಾರುತ್ತದೆ, ಸಂಜೆ ಐದಕ್ಕೇ ಮಂಜು ಕವಿಯುತ್ತದೆ. ಆದರೆ ಸೇನಾ ಭರ್ತಿಗೆ ತಯಾರಿ ನಡೆಸುವ ಹುಡುಗರು ಮಳೆಗಾಲ ಪೂರ್ತಿ ಕೈಕಟ್ಟಿ ಕೂರಲಾಗದು. ಅಗ್ನಿವೀರ್ ರ‍್ಯಾಲಿಯ ಬೀಮ್ ಪರೀಕ್ಷೆಯಲ್ಲಿ, ಅಂದರೆ ಬಾರಿಗೆ ತೂಗಿ ಗದ್ದ ಅದರ ಮೇಲೆ ಬರುವಂತೆ ಮೈ ಎಳೆಯುವ ಪರೀಕ್ಷೆಯಲ್ಲಿ, 10 ಪುಲ್-ಅಪ್ ಎಳೆದರೆ 40 ಅಂಕ, 6 ಎಳೆದರೆ ಬರೀ 16, ಅದಕ್ಕೂ ಕಡಿಮೆಯಾದರೆ ಹೊರಗೆ. ತಿಂಗಳುಗಟ್ಟಲೆ ಬಿಟ್ಟರೆ ಮೊದಲು ಸಡಿಲವಾಗುವುದು ಹಿಡಿತ. ಅದಕ್ಕೇ ಮನೆಯೊಳಗೊಂದು ಬಾರ್ ಇರಬೇಕು ಅನ್ನಿಸುವುದು, ಮೊಬೈಲ್ ತೆರೆದು ಬಾಗಿಲಿಗೆ ಸಿಕ್ಕಿಸುವ ಬಾರ್ ಹುಡುಕುವುದು.

ಅಲ್ಲಿ ಕಾಣುವ ಫೋಟೋದ ಬಾಗಿಲು ನಮ್ಮ ಬಾಗಿಲಲ್ಲ. ಯಾವ ಬಾರ್ ಒಳ್ಳೆಯದು ಎಂಬ ಪ್ರಶ್ನೆಗೆ ಉತ್ತರ ಬಾರಿನಲ್ಲಿಲ್ಲ, ನಿಮ್ಮ ಚೌಕಟ್ಟಿನಲ್ಲೂ ಗೋಡೆಯಲ್ಲೂ ಇದೆ. ಮೂರ್ನಾಡಿನ ಹೆಂಚಿನ ಮನೆಗೆ ಸರಿಯಾದದ್ದು ಕುಶಾಲನಗರದ ಬಡಾವಣೆಯ ಸಿಮೆಂಟ್ ಬ್ಲಾಕ್ ಮನೆಗೆ ಸರಿಯಾಗುವುದಿಲ್ಲ. ಹಾಗಾಗಿ ಮೊದಲು ಟೇಪು ತೆಗೆದುಕೊಳ್ಳಿ.

ಅಳೆಯಬೇಕಾದ್ದು ಐದು. ಒಂದು, ಚೌಕಟ್ಟಿನ ಒಳಗಿನ ಅಗಲ, ಅಂದರೆ ಮರದಿಂದ ಮರಕ್ಕೆ. ಹೊರ ಅಳತೆ 3 ಅಡಿ ಇರುವ ಮಲಗುವ ಕೋಣೆಯ ಬಾಗಿಲಿಗೆ ಒಳಗೆ ಸಿಗುವುದು 31 ಅಂಗುಲದ ಆಸುಪಾಸು. ಎರಡೂವರೆ ಅಡಿಯ ಬಚ್ಚಲು ಬಾಗಿಲಿಗೆ 25. ಇಷ್ಟು ಕಿರಿದಾದರೆ ಮೇಲೇರುವಾಗ ಮೊಣಕೈ ಮರಕ್ಕೆ ತಾಗುತ್ತದೆ. ಎರಡು, ಒಳಗಿನ ಎತ್ತರ. ಮೂರು, ಗೋಡೆಯ ದಪ್ಪ. ನಾಲ್ಕು, ಚೌಕಟ್ಟಿನ ಮರದ ಅಳತೆ, 5 ಅಂಗುಲಕ್ಕೆ 3, ಅಥವಾ 4ಕ್ಕೆ ಎರಡೂವರೆ. ಐದು, ಬಾಗಿಲ ಮೇಲುಗಡೆ ಗೋಡೆಯಿಂದ ಹೊರಚಾಚಿದ ಅಂಚು ಏನಾದರೂ ಇದೆಯೇ ಎಂಬುದು.

ಎತ್ತರದ ಲೆಕ್ಕವನ್ನು ಹೆಚ್ಚಿನವರು ಬಾರ್ ಮನೆಗೆ ಬಂದ ಮೇಲೆ ಮಾಡುತ್ತಾರೆ. ಗದ್ದ ಬಾರಿನ ಮೇಲೆ ಬಂದಾಗ ತಲೆಗೆ ಜಾಗ ಬೇಕಲ್ಲ? ಅದಕ್ಕಾಗಿ ಬಾರ್ ಚೌಕಟ್ಟಿನ ಮೇಲ್ತೊಲೆಗಿಂತ 10 ಅಂಗುಲವಾದರೂ ಕೆಳಗಿರಬೇಕು. 7 ಅಡಿಯ ಚೌಕಟ್ಟಿನ ಒಳ ಎತ್ತರ ಸುಮಾರು 6 ಅಡಿ 9 ಅಂಗುಲ, ಅಂದರೆ ಬಾರ್ ಬರುವುದು 5 ಅಡಿ 11 ಅಂಗುಲದಲ್ಲಿ. 5 ಅಡಿ 7 ಅಂಗುಲದವರು ಮಂಡಿ ಮಡಚಿ ಅಲ್ಲಿ ಪೂರ್ತಿ ತೂಗಬಹುದು, ಮಂಡಿಗೂ ನೆಲಕ್ಕೂ ನಾಲ್ಕು ಅಂಗುಲ ಉಳಿಯುತ್ತದೆ. 6 ಅಡಿ ಎತ್ತರದವರ ಮಂಡಿ ನೆಲಕ್ಕೆ ತಾಗುತ್ತದೆ. ಅವರು ಬಾಗಿಲಿನ ಬಾರ್ ಮರೆತು ನೇರವಾಗಿ ಕೆಳಗೆ ಬರೆದಿರುವ ತೊಲೆ ಅಥವಾ ಹೊರಗಿನ ಪೈಪಿನ ಭಾಗಕ್ಕೆ ಹೋಗುವುದು ಲೇಸು. ಹಳೆಯ ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆ) ಬಾಗಿಲು ತಲೆಬಗ್ಗಿಸಿ ದಾಟುವಂಥವು. ಅಲ್ಲಿ ಪುಲ್-ಅಪ್ ಅಸಾಧ್ಯ. ಮೇಲಾಗಿ ಮುಂಬಾಗಿಲಿಗೂ ಹಿರಿಯರನ್ನು ಪೂಜಿಸುವ ಕೋಣೆಯಾದ ಕನ್ನಿಕೋಂಬರೆಯ ಬಾಗಿಲಿಗೂ ಬಾರ್ ಸಿಕ್ಕಿಸಬಾರದು, ಕೆತ್ತನೆ ಇರುವ ಮರಕ್ಕಂತೂ ಸ್ಕ್ರೂ ಮುಟ್ಟಿಸಲೇಬಾರದು.

ತಿರುಗಿಸಿ ಬಿಗಿಯುವ ಬಾರ್

ಎರಡು ಪೈಪು, ಒಂದರೊಳಗೊಂದು. ನಡುವೆ ತಿರುಪು ಸುತ್ತು, ಎರಡೂ ತುದಿಗೆ ರಬ್ಬರ್ ಬಿಲ್ಲೆ. ಪೈಪು ತಿರುಗಿಸಿದಂತೆ ಬಾರ್ ಉದ್ದವಾಗಿ ಚೌಕಟ್ಟಿನ ಎರಡು ಕಂಬಗಳನ್ನು ಒತ್ತಿ ನಿಲ್ಲುತ್ತದೆ. ಇದೇ ಅತಿ ಅಗ್ಗ, ಇದೇ ಅತಿ ಹೆಚ್ಚು ಮಾರಾಟವಾಗುವುದು, ಬೀಳುವುದೂ ಇದೇ ಹೆಚ್ಚು.

ಕಾರಣ ಸರಳ. ನಿಮ್ಮ ತೂಕವನ್ನು ಹೊರುತ್ತಿರುವುದು ಬರೀ ಘರ್ಷಣೆ. ರಬ್ಬರಿಗೂ ಒಣ ಬಣ್ಣಕ್ಕೂ ನಡುವಿನ ಘರ್ಷಣೆಯ ಗುಣಾಂಕ 0.4 ಎಂದು ಹಿಡಿದರೆ, 70 ಕೆ.ಜಿ. ಮನುಷ್ಯನನ್ನು ಅಲುಗಾಡದೆ ಹಿಡಿಯಲು ಬಾರ್ ಪ್ರತಿ ಬದಿಗೆ ಸುಮಾರು 88 ಕೆ.ಜಿ. ಒತ್ತಬೇಕು. ಜೂನ್-ಜುಲೈ ತೇವದಲ್ಲಿ ನುಣುಪಾದ ಎನಾಮೆಲ್ ಬಣ್ಣದ ಮೇಲೆ ನೀರಿನ ಪದರ ಕೂತು ಗುಣಾಂಕ 0.2ಕ್ಕೆ ಇಳಿದರೆ ಬೇಕಾದ ಒತ್ತಡ 175 ಕೆ.ಜಿ. ಇದು ಸುಮ್ಮನೆ ತೂಗಿದಾಗಿನ ಲೆಕ್ಕ. ಜಗ್ಗಿ ಏರಿದರೆ ಇದರ ಒಂದೂವರೆ ಪಟ್ಟು. ಅಷ್ಟು ಬಿಗಿದರೆ ಜಾರುವುದಿಲ್ಲ ನಿಜ, ಆದರೆ ಅಷ್ಟೂ ಬಲ ಚೌಕಟ್ಟಿನ ಕಂಬಗಳನ್ನು ಹೊರಕ್ಕೆ ನೂಕುತ್ತದೆ. ಕಂಬ ಬಾಗಿ ಮರಕ್ಕೂ ಗಾರೆಗೂ ನಡುವೆ ಕೂದಲೆಳೆಯ ಬಿರುಕು ಮೂಡುತ್ತದೆ, ಬಾಗಿಲು ಚಿಲಕಕ್ಕೆ ಕೂರದೆ ಹೋಗುತ್ತದೆ.

ಇದರ ಜೊತೆಗೆ ನಮ್ಮೂರಿನದೇ ಒಂದು ತೊಡಕಿದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಫೆಬ್ರವರಿ-ಮಾರ್ಚಿನಲ್ಲಿ ಕುಗ್ಗುತ್ತದೆ. ಆಗಸ್ಟಿನಲ್ಲಿ ಕಲ್ಲಿನಂತೆ ಕೂತಿದ್ದ ಬಾರ್ ಶಿವರಾತ್ರಿ ಹೊತ್ತಿಗೆ ತಾನಾಗಿ ಸಡಿಲ. ನೋಡಲು ಅದೇ ಜಾಗದಲ್ಲಿರುತ್ತದೆ, ಕೈ ಹಾಕಿದ ಕೂಡಲೇ ಜಾರುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಗೆ ಈ ಏರಿಳಿತ ಜಾಸ್ತಿ. ಕುಶಾಲನಗರದ ಕಡೆ ಅಷ್ಟಿಲ್ಲ, ಆದರೆ ಇಲ್ಲವೆಂದಲ್ಲ.

ಹಾಗೆಂದು ಇದನ್ನು ತಳ್ಳಿಹಾಕಬೇಕಿಲ್ಲ. ಒಂದೇ ಒಂದು ಬದಲಾವಣೆಯಿಂದ ಇದು ಭರವಸೆಯ ಸಲಕರಣೆ ಆಗುತ್ತದೆ: ತುದಿಯ ಬಟ್ಟಲು. ಕೆಲವು ಬಾರ್‌ಗಳ ಜೊತೆ ಅರ್ಧಚಂದ್ರಾಕಾರದ ಎರಡು ಕಬ್ಬಿಣದ ಬಟ್ಟಲು ಮತ್ತು ಸ್ಕ್ರೂ ಕೊಡುತ್ತಾರೆ. ಬಟ್ಟಲನ್ನು ಮರಕ್ಕೆ ಸ್ಕ್ರೂ ಹಾಕಿ ಕೂರಿಸಿದರೆ ತೂಕ ಹೊರುವುದು ಘರ್ಷಣೆಯಲ್ಲ, ಸ್ಕ್ರೂ. ಮೇಲೆ ಬಿಗಿಯುವ ಬಲವೂ ಅರ್ಧಕ್ಕರ್ಧ ಸಾಕು. ಬಟ್ಟಲು ಕೊಡದ ಬಾರನ್ನು ಕೊಡಗಿನ ಮನೆಗೆ ತರಬೇಡಿ. ಸ್ಕ್ರೂ ತೂತು ಬೀಳುತ್ತದೆಂದು ಬಟ್ಟಲನ್ನು ಡಬ್ಬಿಯಲ್ಲೇ ಬಿಡುವವರು ಬಹಳ ಜನ. ಮರದ ಮೇಲಿನ ತೂತನ್ನು ಆಮೇಲೆ ಪುಟ್ಟಿ ಹಾಕಿ ಮುಚ್ಚಬಹುದು.

ಕೂರಿಸುವ ಕ್ರಮ ಹೀಗೆ. ಮೊದಲು ಮರ ಗಟ್ಟಿಯಿದೆಯೇ ನೋಡಿ. ಸ್ಕ್ರೂಡ್ರೈವರ್ ಹಿಡಿಯಿಂದ ಕಂಬವನ್ನು ಬುಡದಿಂದ ತಲೆಯವರೆಗೆ ತಟ್ಟುತ್ತ ಹೋಗಿ. ಡಬ್ಬದಂಥ ಸದ್ದು ಬಂದರೆ ಒಳಗೆ ಗೆದ್ದಲು. ಹೊಸ್ತಿಲ ಹತ್ತಿರ ಮೊನೆಯಿಂದ ಒತ್ತಿ. ಮೊನೆ ಒಳಹೋದರೆ ಆ ಬಾಗಿಲು ಬೇಡ. ಹಲಸು, ಹೊನ್ನೆ, ತೇಗದ ಹಳೆಯ ಚೌಕಟ್ಟುಗಳು ಸಾಮಾನ್ಯವಾಗಿ ಗಟ್ಟಿ. ಸಿಮೆಂಟಿನ ರೆಡಿಮೇಡ್ ಚೌಕಟ್ಟು, ಒಳಗೆ ಪೊಳ್ಳಿರುವ ಪ್ಲಾಸ್ಟಿಕ್ ಮಿಶ್ರ ಚೌಕಟ್ಟು, ತಗಡಿನ ಚೌಕಟ್ಟು ಇವು ಯಾವುವೂ ಆಗುವುದಿಲ್ಲ. ಸಿಮೆಂಟಿನದು ಪಕ್ಕದ ಒತ್ತಡಕ್ಕೆ ಬಿರಿಯುತ್ತದೆ, ಉಳಿದೆರಡು ತಗ್ಗುತ್ತವೆ.

ಚೌಕಟ್ಟನ್ನು ಗೋಡೆಗೆ ಹಿಡಿದಿರುವುದು ಹೋಲ್ಡ್‌ಫಾಸ್ಟ್ ಎಂಬ ಕಬ್ಬಿಣದ ಪಟ್ಟಿಗಳು, ಸಾಮಾನ್ಯವಾಗಿ ಬದಿಗೆ ಮೂರು. ಮೇಲಿನದು ಇರುವುದು ಮೇಲ್ತುದಿಯಿಂದ ಅಡಿಯಷ್ಟು ಕೆಳಗೆ. ಬಾರ್ ಅದರ ಹತ್ತಿರ ಬಂದಷ್ಟೂ ಕಂಬ ಬಾಗುವುದು ಕಡಿಮೆ. ಎರಡು ಹೋಲ್ಡ್‌ಫಾಸ್ಟ್‌ಗಳ ನಡುಮಧ್ಯೆ ಬಾರ್ ಹಾಕಿದರೆ ಕಂಬ ಬಿಲ್ಲಿನಂತೆ ಬಾಗುತ್ತದೆ. ತಲೆಗೆ ಬೇಕಾದ 10 ಅಂಗುಲ, ಹೋಲ್ಡ್‌ಫಾಸ್ಟಿನ 12 ಅಂಗುಲ ಎರಡೂ ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ಬರುವುದು ಅನುಕೂಲವೇ ಆಯಿತು.

ಇನ್ನೊಂದು ಸೂಕ್ಷ್ಮ. ಬಾಗಿಲು ಬಂದು ಕೂರಲು ಚೌಕಟ್ಟಿನ ಅಂಚಿನಲ್ಲಿ ಅರ್ಧ ಅಂಗುಲ ಕೊರೆದ ತೋಡು ಇರುತ್ತದೆ. ಬಿಲ್ಲೆಯ ಅಂಚು ಆ ತೋಡಿನ ಮೇಲೆ ಚಾಚಿದರೆ ಅಷ್ಟು ಭಾಗಕ್ಕೆ ಆಧಾರವೇ ಇಲ್ಲ, ಬಾರ್ ಅತ್ತ ಓರೆಯಾಗುತ್ತದೆ. 4 ಅಂಗುಲದ ಮರದಲ್ಲಿ ತೋಡು ಕಳೆದು ಚಪ್ಪಟೆ ಭಾಗ ಎಷ್ಟು ಉಳಿದಿದೆ, ಬಿಲ್ಲೆ ಎಷ್ಟು ಅಗಲ ಎಂದು ಎರಡನ್ನೂ ಅಳೆದೇ ಖರೀದಿಸಿ.

ಎರಡು ಕಂಬಗಳಲ್ಲೂ ನೆಲದಿಂದ ಒಂದೇ ಎತ್ತರಕ್ಕೆ ಪೆನ್ಸಿಲ್ ಗುರುತು ಹಾಕಿ, ನೀರುಮಟ್ಟದ ಸಲಕರಣೆ ಇಟ್ಟು ಮತ್ತೆ ನೋಡಿ. ಹಳೆ ಮನೆಗಳಲ್ಲಿ ನೆಲವೇ ಓರೆ ಇರುತ್ತದೆ, ಆಗ ನೀರುಮಟ್ಟ ಹೇಳಿದ್ದೇ ಸರಿ. 5 ಮಿ.ಮೀ. ದಪ್ಪ, 50 ಮಿ.ಮೀ. ಉದ್ದದ ಮರದ ಸ್ಕ್ರೂಗೆ 3.5 ಮಿ.ಮೀ. ಡ್ರಿಲ್ಲಿನಿಂದ ಮೊದಲೇ ತೂತು ಕೊರೆಯಿರಿ. ಹಳೆ ಹಲಸಿನ ಮರಕ್ಕೆ ತೂತು ಕೊರೆಯದೆ ಸ್ಕ್ರೂ ಹೊಡೆದರೆ ಒಂದೋ ಸ್ಕ್ರೂ ತಲೆ ಕಿತ್ತುಬರುತ್ತದೆ, ಇಲ್ಲವೇ ಮರ ಸೀಳುತ್ತದೆ. ಸ್ಕ್ರೂವಿನ ತಿರುಪಿಗೆ ಸೋಪು ಉಜ್ಜಿದರೆ ಸಲೀಸಾಗಿ ಇಳಿಯುತ್ತದೆ. ಡಬ್ಬಿಯಲ್ಲಿ ಬರುವ ಗಿಡ್ಡ ಸ್ಕ್ರೂಗಳನ್ನು ಎಸೆದು ಹಾರ್ಡ್‌ವೇರ್ ಅಂಗಡಿಯಿಂದ ಬೇರೆ ತನ್ನಿ. ಬಾರನ್ನು ಹಿಗ್ಗಿಸಿದಾಗ ಒಳಪೈಪು ಹೊರಪೈಪಿನೊಳಗೆ 10 ಸೆಂ.ಮೀ. ಆದರೂ ಉಳಿದಿರಬೇಕು.

ಕೊನೆಗೆ ಪೈಪಿಗೂ ಬಿಲ್ಲೆಗೂ ಸೇರಿಸಿ ಒಂದು ಗೆರೆ ಎಳೆಯಿರಿ. ಅಂಗೈ ತಿರುಚುವಾಗ ಪೈಪು ಸ್ವಲ್ಪಸ್ವಲ್ಪವೇ ಬಿಚ್ಚುವ ದಿಕ್ಕಿಗೆ ತಿರುಗುವುದುಂಟು. ಗೆರೆ ಮುರಿದಿದ್ದರೆ ಬಾರ್ ಸಡಿಲವಾಗಿದೆ ಎಂದೇ ಅರ್ಥ. ಮೊದಲ ಸಲ ಕಾಲು ನೆಲದಲ್ಲಿಟ್ಟು ಕಾಲು ಭಾಗ ತೂಕ ಬಿಡಿ, ಆಮೇಲೆ ಅರ್ಧ, ಆಮೇಲೆ ಪೂರ್ತಿ 10 ಸೆಕೆಂಡು. ಬಾಗಿಲ ಸುತ್ತಲಿನ ಗಾರೆ ನೋಡಿ. ಹೊಸ ಬಿರುಕು ಇಲ್ಲದಿದ್ದರೆ ಮುಂದುವರಿಯಿರಿ. ಈ ಬಾರಿನಲ್ಲಿ ಮೈ ಬೀಸಿ ಏರುವುದು, ತಲೆಕೆಳಗಾಗಿ ನೇತಾಡುವುದು, ಹಾರಿ ಹಿಡಿಯುವುದು ಮೂರೂ ನಿಷಿದ್ಧ. ಬಾಗಿಲಲ್ಲಿ ಬಿದ್ದರೆ ಬೀಳುವುದು ಬೆನ್ನ ಮೇಲೆ, ಹಿಂದಲೆ ಬಂದು ಬಡಿಯುವುದು ಹೊಸ್ತಿಲಿಗೆ.

ಮೇಲಿನಿಂದ ಕೊಕ್ಕೆ ಹಾಕುವ ಬಾರ್

ಸ್ಕ್ರೂ ಬೇಡ, ತೂತು ಬೇಡ, ಬಾಗಿಲ ಮೇಲಂಚಿಗೆ ಕೊಕ್ಕೆ ಸಿಕ್ಕಿಸಿದರೆ ಮುಗಿಯಿತು ಎಂದು ವಿಡಿಯೋಗಳಲ್ಲಿ ಹೊಗಳುವ ಬಾರ್ ಇದು. ಅಮೆರಿಕದ ಮನೆಗಳಿಗೆ ಮಾಡಿದ್ದು. ಅಲ್ಲಿ ಬಾಗಿಲ ಸುತ್ತ ಗೋಡೆಯಿಂದ ಹೊರಚಾಚಿದ ಮರದ ಪಟ್ಟಿ ಇರುತ್ತದೆ, ಗೋಡೆ ತೆಳು. ಹಿಂದಿನ ಕೊಕ್ಕೆ ಆ ಪಟ್ಟಿಯ ಮೇಲೆ ಕೂತು, ಮುಂದಿನ ಕೈಗಳು ಎದುರು ಬದಿಯ ಕಂಬಗಳಿಗೆ ಒತ್ತಿ, ನಿಮ್ಮ ತೂಕವೇ ಬಾರನ್ನು ಬಿಗಿಹಿಡಿಯುತ್ತದೆ. ಉಪಾಯವೇನೋ ಚೆನ್ನಾಗಿದೆ.

ನಮ್ಮಲ್ಲಿ ಚೌಕಟ್ಟು ಗಾರೆಗೆ ಸಮನಾಗಿ ಕೂತಿರುತ್ತದೆ, ಕೊಕ್ಕೆಗೆ ಅಂಚೇ ಸಿಗದು. 9 ಅಂಗುಲದ ಗೋಡೆಗೆ, ಮಣ್ಣಿನ ದಪ್ಪ ಗೋಡೆಗೆ ಬಾರಿನ ಕೈ ಸಾಲುವುದೂ ಇಲ್ಲ. ಹೊಸ ಮನೆಗಳಲ್ಲಿ ಅಂದಕ್ಕೆ ಹೊಡೆದ ಪಟ್ಟಿ ಕಂಡು ಇದಕ್ಕೆ ಸಿಕ್ಕಿಸಬಹುದಲ್ಲ ಎಂದುಕೊಳ್ಳಬೇಡಿ. ಅದು ನಿಂತಿರುವುದು ಸಣ್ಣ ಮೊಳೆ ಮತ್ತು ಅಂಟಿನ ಮೇಲೆ. 4 ಅಂಗುಲದ ಒಳಗೋಡೆ, ಮೇಲೆ ಮುಕ್ಕಾಲು ಅಂಗುಲದಷ್ಟು ಹೊರಚಾಚಿದ ಗಟ್ಟಿಮರದ ಚೌಕಟ್ಟು ಎರಡೂ ಒಟ್ಟಿಗೆ ಇದ್ದರೆ ಮಾತ್ರ ಯೋಚಿಸಿ.

ಗೋಡೆಗೆ ಬೋಲ್ಟ್ ಹಾಕುವ ಬಾರ್

ಜಾಗವೂ ಮನೆಯೂ ನಿಮ್ಮದೇ ಆಗಿದ್ದು, ಕಾಂಕ್ರೀಟಿನ ಬೀಮ್ ಮತ್ತು ಲಿಂಟಲ್ (ಬಾಗಿಲ ಮೇಲಿನ ಅಡ್ಡ ತೊಲೆ) ಇರುವ ಆರ್‌ಸಿಸಿ ಮನೆಯಾದರೆ ಇದಕ್ಕಿಂತ ಉತ್ತಮವಾದದ್ದಿಲ್ಲ. ಅಗಲವಾಗಿ ಹಿಡಿಯಬಹುದು, ತಲೆಗೆ ಏನೂ ತಾಗದು, ರಬ್ಬರ್ ಬ್ಯಾಂಡ್ ಕಟ್ಟಬಹುದು, ಬೆನ್ನಿಗೆ ಭಾರ ಹೊತ್ತೂ ಎಳೆಯಬಹುದು. ಬಾಡಿಗೆ ಮನೆಯವರು ಮಾಲೀಕರನ್ನು ಕೇಳದೆ ಡ್ರಿಲ್ ಮುಟ್ಟಬಾರದು ಎಂದು ಬೇರೆ ಹೇಳಬೇಕಿಲ್ಲ.

ಇಲ್ಲಿ ತಿಳಿಯಬೇಕಾದ್ದು ಬೋಲ್ಟಿನ ಮೇಲೆ ಬೀಳುವ ಬಲ. ಬಾರ್ ಗೋಡೆಯಿಂದ 20 ಅಂಗುಲ ಮುಂದಿದ್ದು, ಬ್ರಾಕೆಟ್ಟಿನ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ಅಂತರ 10 ಅಂಗುಲ ಇದ್ದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಕೀಳಲು ನೋಡುವ ಬಲ ನಿಮ್ಮ ತೂಕದ ಎರಡು ಪಟ್ಟು. 70 ಕೆ.ಜಿ.ಗೆ 140, ಜಗ್ಗಿದರೆ ಅದರ ಒಂದೂವರೆ ಪಟ್ಟು. ಹಾಗಾಗಿ ಬ್ರಾಕೆಟ್ ಎತ್ತರ ಇದ್ದಷ್ಟೂ ಒಳ್ಳೆಯದು. ಎರಡು ಇದ್ದಾಗ 6 ಅಂಗುಲದ ಗಿಡ್ಡ ಬ್ರಾಕೆಟ್ ಬಿಟ್ಟು 12 ಅಂಗುಲದ್ದನ್ನೇ ಆರಿಸಿ.

ಆ ಬಲವನ್ನು ತಡೆಯುವ ಗೋಡೆ ಯಾವುದು? ಕಾಂಕ್ರೀಟ್ ಬೀಮ್, ಕಾಂಕ್ರೀಟ್ ಕಂಬ, ಕಾಂಕ್ರೀಟ್ ಲಿಂಟಲ್. ತೂತಿನೊಳಗೆ ಹಿಗ್ಗಿ ಕಚ್ಚುವ 10 ಮಿ.ಮೀ. ಆಂಕರ್ ಬೋಲ್ಟ್, ಬದಿಗೆ ಮೂರಾದರೂ, ಅಂಚಿನಿಂದ ಆದಷ್ಟು ದೂರ. ಲಿಂಟಲ್ ಎತ್ತರವೇ 6 ಅಂಗುಲ ಇರುವುದರಿಂದ ಮೇಲಿನ ಬೋಲ್ಟ್ ಲಿಂಟಲಿಗೆ, ಕೆಳಗಿನದು ಇಟ್ಟಿಗೆಗೆ ಬೀಳುವುದು ಸಾಮಾನ್ಯ. ಎಳೆತ ಇರುವುದು ಮೇಲಿನದಕ್ಕಾದ್ದರಿಂದ ಅದು ನಡೆಯುತ್ತದೆ, ಆದರೆ ಮೇಲಿನ ಸಾಲು ಲಿಂಟಲಿನ ಅಂಚಿಗೆ ಬಾರದೆ ನಡುಭಾಗಕ್ಕೇ ಬರುವಂತೆ ನೋಡಿಕೊಳ್ಳಿ. ಗಾರೆ ಅರ್ಧದಿಂದ ಮುಕ್ಕಾಲು ಅಂಗುಲ ದಪ್ಪ ಇರುತ್ತದೆ. ಅದಕ್ಕೆ ಯಾವ ಬಲವೂ ಇಲ್ಲ, ಬೋಲ್ಟಿನ ಆಳದ ಲೆಕ್ಕದಲ್ಲಿ ಅದನ್ನು ಸೇರಿಸಬೇಡಿ. ಕೊರೆದ ತೂತಿನ ದೂಳನ್ನು ಊದಿ ಪೂರ್ತಿ ತೆಗೆಯಿರಿ, ದೂಳು ಉಳಿದರೆ ಆಂಕರ್ ಹಿಡಿಯದೆ ಒಳಗೇ ಸುತ್ತುತ್ತದೆ.

ಪೊಳ್ಳು ಸಿಮೆಂಟ್ ಬ್ಲಾಕಿಗೆ ಆಂಕರ್ ಬೋಲ್ಟ್ ಹಾಕುವುದು ಅಪಾಯ. ಒಂದೂವರೆ ಅಂಗುಲವೂ ಇಲ್ಲದ ಹೊರಪದರ ಬೋಲ್ಟ್ ಹಿಗ್ಗಿದ ಕೂಡಲೇ ಒಡೆಯುತ್ತದೆ. ಅಂಥ ಗೋಡೆಗೆ ಆಚೆಬದಿಗೆ 6 ಮಿ.ಮೀ. ಕಬ್ಬಿಣದ ತಟ್ಟೆ ಇಟ್ಟು, ಉದ್ದ ಬೋಲ್ಟನ್ನು ಪೂರ್ತಿ ಗೋಡೆಯೊಳಗೆ ದಾಟಿಸಿ ನಟ್ ಬಿಗಿಯಬೇಕು. ಜಂಬಿಟ್ಟಿಗೆ ಗೋಡೆಗೂ ಇದೇ ದಾರಿ, ಆ ಕಲ್ಲಿನಲ್ಲಿ ತೂತುತೂತು ಜಾಸ್ತಿ. ಮಣ್ಣಿನ ಗೋಡೆಗೆ ಯಾವ ಬಾರೂ ಬೇಡ. 2018ರ ಆಗಸ್ಟಿನ ಭೂಕುಸಿತದ ನಂತರ ಬಿರುಕು ಬಿಟ್ಟು ತೇಪೆ ಹಾಕಿಸಿಕೊಂಡ ಗೋಡೆಗಳು ಜಿಲ್ಲೆಯಲ್ಲಿ ಬಹಳ ಇವೆ. ಬಣ್ಣ ಬಳಿದ ಮೇಲೆ ಅವು ಗುರುತು ಸಿಗುವುದಿಲ್ಲ. ಮನೆಯ ಹಿರಿಯರನ್ನು ಕೇಳಿ, ಅಂಥ ಗೋಡೆಯನ್ನು ಬಿಟ್ಟುಬಿಡಿ.

ಕೆಲಸ ಮಾಡಿಸುವುದಾದರೆ ಜನವರಿಯಿಂದ ಮಾರ್ಚ್. ಮಳೆಯಲ್ಲಿ ನೆನೆದ ಗೋಡೆಯಲ್ಲಿ ಕೊರೆದರೆ ದೂಳು ಕೆಸರಾಗಿ ತೂತಿಗೆ ಮೆತ್ತಿಕೊಳ್ಳುತ್ತದೆ. ಅಂಟು ತುಂಬಿ ಕೂರಿಸುವ ಕೆಮಿಕಲ್ ಆಂಕರ್‌ಗಳಲ್ಲೂ ಕೆಲವು ಒಣ ತೂತಿಗೆ ಮಾತ್ರ.

ತಾರಸಿಗೆ ನೇತುಹಾಕುವ ಬಾರ್ ಬಗ್ಗೆ ಕೇಳುವವರಿದ್ದಾರೆ. ತಾರಸಿ 4ರಿಂದ 5 ಅಂಗುಲ ದಪ್ಪ, ಒಳಗೆ ವಿದ್ಯುತ್ ಪೈಪು ಓಡಾಡಿರುತ್ತದೆ, ಬಹಳಷ್ಟು ಮನೆಗಳಲ್ಲಿ ಮಳೆಗೆ ಈಗಾಗಲೇ ತೇವ ಕಾಣಿಸಿಕೊಂಡಿರುತ್ತದೆ. ತೇವ ಹಿಡಿದ ತಾರಸಿಗೆ ತೂತು ಕೊರೆಯುವುದು ಬೇಡವೇ ಬೇಡ.

ಹೆಂಚಿನ ಮನೆಯ ತೊಲೆ ಮತ್ತು ರಿಂಗು

ಹಳೆಯ ಮನೆಯವರು ಬಾಗಿಲು ತಗ್ಗು, ಗೋಡೆ ಮಣ್ಣು ಎಂದು ಬೇಸರಪಡಬೇಕಿಲ್ಲ. ನಿಮ್ಮ ಮನೆಯಲ್ಲಿ ತೊಲೆ ಇದೆ, ಅದು ಎಲ್ಲ ಬಾರ್‌ಗಳಿಗಿಂತ ಗಟ್ಟಿ. ಅಟ್ಟ ಹೊತ್ತ 6 ಅಂಗುಲ ಎತ್ತರ, 4 ಅಂಗುಲ ಅಗಲದ ಗಟ್ಟಿಮರದ ತೊಲೆ 10 ಅಡಿ ಅಂತರಕ್ಕೆ ಹಾಕಿದ್ದರೂ ಒಬ್ಬರ ತೂಕಕ್ಕೆ ಅಂಜುವುದಿಲ್ಲ. ಅದಕ್ಕೆ ಜಿಮ್ನಾಸ್ಟಿಕ್ ರಿಂಗುಗಳ ಪಟ್ಟಿ ಸುತ್ತಿ ಇಳಿಬಿಟ್ಟರೆ ಬೇಕಾದ ಎತ್ತರಕ್ಕೆ ಹೊಂದಿಸಬಹುದು: ಪುಲ್-ಅಪ್‌ಗೆ ಎತ್ತರ, ಮಲಗಿ ಎಳೆಯಲು ಸೊಂಟದ ಮಟ್ಟ, ಡಿಪ್ಸಿಗೆ (ಕೈಯೂರಿ ಮೈ ಇಳಿಸಿ ಎತ್ತುವುದಕ್ಕೆ) ಅದಕ್ಕೂ ತುಸು ಮೇಲೆ. ಮಣಿಕಟ್ಟು ತಿರುಗಲು ರಿಂಗು ಬಿಡುವುದರಿಂದ ಮೊಣಕೈ ನೋವಿರುವವರಿಗೂ ಇದು ಹಿತ.

ತೊಲೆ ಎಂದರೆ ತೊಲೆಯೇ. ಹೆಂಚು ಹೊತ್ತ ಪಕ್ಕಾಸು ಅಲ್ಲ, ರೀಪಂತೂ ಅಲ್ಲವೇ ಅಲ್ಲ. ಪಕ್ಕಾಸಿಗೆ ತೂಗಿದರೆ ಮೊದಲು ಹೆಂಚು ಸರಿಯುತ್ತದೆ, ಆ ಮೇಲೆ ಮಳೆ ಒಳಗೆ. ತೊಲೆ ಗೋಡೆಯೊಳಗೆ ಹೊಕ್ಕ ತುದಿಯಲ್ಲಿ ಗೆದ್ದಲೂ ಕೊಳೆತವೂ ಮೊದಲು ಹಿಡಿಯುತ್ತವೆ. ಏಣಿ ಹತ್ತಿ ಆ ತುದಿಯನ್ನು ತಟ್ಟಿ, ಚುಚ್ಚಿ ನೋಡಿ. ಪಟ್ಟಿಯನ್ನು ಗೋಡೆಯಿಂದ ಎರಡು ಅಡಿ ದೂರಕ್ಕೆ ಕಟ್ಟಿ, ನಟ್ಟನಡುವೆ ಬೇಡ. ಪಟ್ಟಿಯ ಕೆಳಗೆ ದಪ್ಪ ಗೋಣಿ ಮಡಚಿ ಇಟ್ಟರೆ ತೊಲೆಯ ಚೂಪು ಅಂಚು ಪಟ್ಟಿಯನ್ನು ಕೊಯ್ಯದು. ಪಟ್ಟಿಯ ಬಕಲ್ ಹಾಕುವಾಗ ಉದ್ದ ತುದಿ ಯಾವ ಕಡೆಯಿಂದ ಒಳಹೋಗಿದೆ ನೋಡಿಕೊಳ್ಳಿ. ತಿರುಗುಮುರುಗಾದರೆ ಹಲ್ಲು ಕಚ್ಚದೆ ಪಟ್ಟಿ ಜಾರುತ್ತ ಬರುತ್ತದೆ.

ರಿಂಗಿನ ಒಂದು ಕಷ್ಟ: ಅಲುಗುತ್ತದೆ. ಬಾರಿನಲ್ಲಿ 8 ಎಳೆಯುವವರು ರಿಂಗಿನಲ್ಲಿ ಮೊದಮೊದಲು 5ಕ್ಕೆ ನಿಲ್ಲುತ್ತಾರೆ. ಬೀಮ್ ಪರೀಕ್ಷೆಗೆ ತಯಾರಾಗುವವರು ರಿಂಗುಗಳ ಬದಲು ಅದೇ ಪಟ್ಟಿಗಳ ಕುಣಿಕೆಗೆ ನಾಲ್ಕಡಿಯ ಒಂದಂಗುಲದ ಜಿಐ (ಜಿಂಕ್ ಲೇಪಿಸಿದ ಕಬ್ಬಿಣದ) ಪೈಪು ತೂರಿಸಿ ಕಟ್ಟಿಕೊಳ್ಳಲಿ.

ತೋಟದಲ್ಲಿ ಮರಗಳಿಗೇನು ಬರ ಎಂದು ಸಿಲ್ವರ್ ಓಕಿಗೆ ಪಟ್ಟಿ ಹಾಕಬೇಡಿ. ಅದರ ಕೊಂಬೆ ಪೆಡಸು, ಸೂಚನೆ ಕೊಡದೆ ಮುರಿಯುತ್ತದೆ. ಕಾಂಡಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಯೂ ಹಾಳು. ತೊಡೆಗಾತ್ರದ ಹಸಿ ಹಲಸಿನ ಕೊಂಬೆ ಸರಿ. ಅದೂ ಬೇಸಿಗೆಗೆ. ಮಳೆಯಲ್ಲಿ ತೊಗಟೆ ಪಾಚಿಗಟ್ಟಿ ಜಾರುತ್ತದೆ, ಕೆಳಗೆ ಜಿಗಣೆ.

ನೆಲದ ಮೇಲೆ ನಿಲ್ಲುವ ಟವರ್

ಗೋಡೆ, ಬಾಗಿಲು ಯಾವುದನ್ನೂ ನಂಬಲಾಗದ ಬಾಡಿಗೆ ಮನೆಯವರಿಗೆ, ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿರುವವರಿಗೆ ಉಳಿಯುವ ದಾರಿ ಇದು. ಸುಮಾರು 4 ಅಡಿಗೆ 3 ಅಡಿ ಜಾಗ ತಿನ್ನುತ್ತದೆ. ಕೊಳ್ಳುವಾಗ ನೋಡಬೇಕಾದ್ದು ಬುಡದ ಅಗಲ ಮತ್ತು ಒಟ್ಟು ತೂಕ, 20 ಕೆ.ಜಿ.ಗಿಂತ ಹಗುರವಾದದ್ದು ಎಳೆದಾಗಲೆಲ್ಲ ತೂಗುತ್ತದೆ. ಬುಡದ ಹಿಂಭಾಗದ ಪೈಪಿನ ಮೇಲೆ ಎರಡು ಮರಳುಚೀಲ ಇಟ್ಟರೆ ನಿಲುವು ಎಷ್ಟೋ ಸುಧಾರಿಸುತ್ತದೆ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಬೆವರುತ್ತದೆ, ಅಡಿಗೆ ರಬ್ಬರ್ ಹಾಸು ಬೇಕೇ ಬೇಕು. ಬಾಗಿಲಿನ ಬಾರಿಗಿಂತ ಹಲವು ಪಟ್ಟು ಬೆಲೆ. ಡಿಪ್ಸ್ ಕೂಡ ಆಗುತ್ತದೆ ಎಂಬುದು ಅದಕ್ಕೆ ಸಿಗುವ ಲಾಭ.

ಹೊರಗೆ ಪೈಪು ನಿಲ್ಲಿಸುವುದು

ಭರ್ತಿಗೆ ಹೋಗುವವರು ಕೊನೆಯ ಎರಡು ತಿಂಗಳಾದರೂ ಕಾಲು ನೇರ ಬಿಟ್ಟು ತೂಗುವ ಎತ್ತರದ ಬಾರಿನಲ್ಲಿ ಅಭ್ಯಾಸ ಮಾಡಲೇಬೇಕು. ಮಂಡಿ ಮಡಚಿ ಕಲಿತ ದೇಹ ಕಾಲು ನೇರವಾದ ಕೂಡಲೇ ಜೋಲಿ ಹೊಡೆಯುತ್ತದೆ. ಅಂಗಳದಲ್ಲಿ ಒಂದು ಮಾಡಿಸುವುದು ಕಷ್ಟವಲ್ಲ. ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಯಾವ ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲೂ ಅರ್ಧ ದಿನದ ಕೆಲಸ.

ಅಡ್ಡ ಬಾರಿಗೆ ಒಂದಂಗುಲದ ಜಿಐ ಪೈಪು. ಒಂದಂಗುಲ ಎಂಬುದು ಒಳ ಅಳತೆಯ ಹೆಸರು, ಹೊರವ್ಯಾಸ 33.7 ಮಿ.ಮೀ.; ಮುಷ್ಟಿಗೆ ತುಂಬಿ ಬರುವ ಗಾತ್ರ. ಮುಕ್ಕಾಲು ಅಂಗುಲದ್ದು 26.9, ಸಣ್ಣ ಕೈಯವರಿಗೆ ಹಿಡಿಯಲು ಸುಖ, ಆದರೆ ಬಾಗುತ್ತದೆ. ಪೈಪಿನ ಮೇಲಿನ ಬಣ್ಣದ ಪಟ್ಟಿ ನೋಡಿ: ಹಳದಿ ಎಂದರೆ ತೆಳು, ನೀಲಿ ಮಧ್ಯಮ, ಕೆಂಪು ದಪ್ಪ. ನೀಲಿಗಿಂತ ಕಡಿಮೆ ಬೇಡ. ಎರಡು ಕಂಬಗಳ ನಡುವೆ 4 ಅಡಿ ಸಾಕು, 6 ಅಡಿ ಬಿಟ್ಟರೆ ಒಂದಂಗುಲದ ಪೈಪು ನಡುವಲ್ಲಿ ಕುಸಿಯುತ್ತದೆ. ಕಂಬಕ್ಕೆ ಎರಡಂಗುಲದ ನೀಲಿ ಪಟ್ಟಿಯ ಪೈಪು, ಹತ್ತೂವರೆ ಅಡಿ ಉದ್ದ, ಎರಡೂವರೆ ಅಡಿ ಭೂಮಿಗೆ. ಬಾರ್ 8 ಅಡಿಗೆ ಬರುತ್ತದೆ.

ಗುಂಡಿ ಒಂದೂಕಾಲು ಅಡಿ ಚೌಕ, ಕಾಂಕ್ರೀಟ್ 1:2:4 (ಸಿಮೆಂಟ್, ಮರಳು, ಜಲ್ಲಿ). ಇಳಿಜಾರಿನಲ್ಲಿ ಮಣ್ಣು ತುಂಬಿ ಸಮ ಮಾಡಿದ ಅಂಗಳವಾದರೆ ಹಳೆ ಗಟ್ಟಿನೆಲ ಸಿಗುವ ತನಕ ಆಳ ಮಾಡಿ, ಇಲ್ಲದಿದ್ದರೆ ಮೊದಲ ಮಳೆಗೇ ಕಂಬ ವಾಲುತ್ತದೆ. ಏಳು ದಿನ ನೀರು ಹಾಕಿ, ಮೂರು ವಾರ ತೂಗದೆ ಬಿಡಿ. ಕಾಂಕ್ರೀಟಿನ ತಲೆ ನೆಲಕ್ಕಿಂತ ಎರಡು ಅಂಗುಲ ಮೇಲಿದ್ದು ಹೊರಕ್ಕೆ ಇಳಿಜಾರಾಗಿರಲಿ. ಕಂಬದ ಬಾಯಿಗೆ ಮುಚ್ಚಳ ವೆಲ್ಡ್ ಮಾಡಿಸಿ. ಬಾಯಿ ತೆರೆದ ಕಂಬ ಮಳೆನೀರು ತುಂಬಿಕೊಂಡು ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗಿನಿಂದ ಹೊಸತಾಗೇ ಕಾಣುತ್ತಿರುತ್ತದೆ. ವೆಲ್ಡ್ ಮಾಡುವ ಕಡೆ ಜಿಂಕ್ ಲೇಪ ಉಜ್ಜಿ ತೆಗೆದೇ ಮಾಡಿಸಿ. ಅದರ ಹೊಗೆ ವೆಲ್ಡರ್ ಮೈಗೆ ಕೆಟ್ಟದ್ದು, ಬೆಸುಗೆಯೂ ಪೊಳ್ಳಾಗುತ್ತದೆ. ಆಮೇಲೆ ಆ ಜಾಗಕ್ಕೆ ಜಿಂಕ್ ಪೇಂಟ್. ಕಣದ ನಡುವೆ ನಿಲ್ಲಿಸಬೇಡಿ, ಡಿಸೆಂಬರಿನಿಂದ ಅಲ್ಲಿ ಕಾಫಿ ಹರಡಬೇಕು.

ತೇವದೊಡನೆ ಬಾಳ್ವೆ

ಯಾವ ಬಾರ್ ಆದರೂ ಅದಕ್ಕೆ ಸುತ್ತಿದ ಸ್ಪಂಜಿನ ಹಿಡಿಯನ್ನು ಮೊದಲ ದಿನವೇ ಕೊಯ್ದು ತೆಗೆಯಿರಿ. ಬೆವರೂ ಮಳೆಗಾಲದ ತೇವವೂ ಸೇರಿ ಎರಡು ವಾರದಲ್ಲಿ ಅದರೊಳಗೆ ಬೂಷ್ಟು, ಅಡಿಯ ಪೈಪಿಗೆ ತುಕ್ಕು. ಮೇಲಾಗಿ ಸ್ಪಂಜು ಬಾರನ್ನು ದಪ್ಪ ಮಾಡಿ ಹಿಡಿತವನ್ನೂ ತಿರುಚುತ್ತದೆ. ಬರಿಯ ಪೈಪಿಗೆ ಹಾಕಿ ಆಟದ ಸ್ಟಿಕ್ಕಿಗೆ ಸುತ್ತುವ ಟೇಪು ಸುತ್ತಿದರೆ ಸೊಗಸಾಗಿ ಕೂರುತ್ತದೆ, ತೊಯ್ದಾಗ ಬಿಚ್ಚಿ ಬದಲಿಸಬಹುದು. ಅಭ್ಯಾಸ ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ. ಕ್ರೋಮ್ ಮೇಲೆ ಕಂದು ಚುಕ್ಕೆ ಕಂಡರೆ 120ರ ಸ್ಯಾಂಡ್‌ಪೇಪರಿನಿಂದ ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಅದರ ಮೇಲೆ ಬಣ್ಣ. ಕೈಗೆ ಹಚ್ಚುವ ಚಾಕ್ ಪುಡಿಯನ್ನು ಗಾಳಿಯಾಡದ ಡಬ್ಬಿಯಲ್ಲಿಡಿ, ತೆರೆದಿಟ್ಟರೆ ಗಟ್ಟಿಯಾಗಿ ಮುದ್ದೆಯಾಗುತ್ತದೆ.

ಬಾಗಿಲಿನ ಬಾರಿಗೆ ವರ್ಷದಲ್ಲಿ ಎರಡು ಪರೀಕ್ಷೆ ತಪ್ಪಿಸುವಂತಿಲ್ಲ. ಜೂನ್ ಕೊನೆಗೆ ಮರ ಉಬ್ಬಿದ ಮೇಲೆ ಅರ್ಧ ಸುತ್ತು ಸಡಿಲಿಸಿ, ಇಲ್ಲವಾದರೆ ಚೌಕಟ್ಟಿನ ಮೂಲೆಯ ಸಂದು ಬಾಯಿ ಬಿಡುತ್ತದೆ. ಫೆಬ್ರವರಿಯಲ್ಲಿ ಬಟ್ಟಲಿನ ಸ್ಕ್ರೂಗಳನ್ನೂ ಬಾರನ್ನೂ ಬಿಗಿ ಮಾಡಿ. ಸ್ಕ್ರೂ ಬಿಗಿಯದೆ ಸುಮ್ಮನೆ ಸುತ್ತುತ್ತಿದ್ದರೆ ಅದನ್ನು ತೆಗೆದು, ತೂತಿಗೆ ಫೆವಿಕಾಲ್ ಹಚ್ಚಿದ ಬಿದಿರ ಕಡ್ಡಿ ಬಡಿದು, ಒಂದು ದಿನ ಒಣಗಲು ಬಿಟ್ಟು, ಮತ್ತೆ ಕೊರೆದು ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಭ್ಯಾಸ ಮುಗಿದ ಕೂಡಲೇ ಬಾರ್ ಬಿಚ್ಚಿ ಬಾಗಿಲ ಹಿಂದೆ ಇಡಿ. ದೊಡ್ಡವರು ಕಾಣದಾಗ ಅವರು ಸ್ಟೂಲು ಎಳೆದು ಹಾರಿ ಹಿಡಿಯುತ್ತಾರೆ.